ಕಣದಲ್ಲಿ ಬಿದ್ದ 30 ಸೆಂಟ್

ಮೂರು ವರ್ಷದ ಹಿಂದೆ, ಫೆಬ್ರವರಿಯ ಒಂದು ರಾತ್ರಿ, ಸುಂಟಿಕೊಪ್ಪದ ಅಕ್ಕನ ಮನೆ ಕಣದಲ್ಲಿ ನಾವು ಏಳು ಜನ ಟಾರ್ಚ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದೆವು. ಕಣದ ತುಂಬ ರೊಬಸ್ಟಾ. ಒಂದು ವಾರ ಬಿಸಿಲು ಕಂಡು ಕಪ್ಪಾಗುತ್ತಿದ್ದ ಹಣ್ಣು. ಅದರೊಳಗೆ ಎಲ್ಲೋ ಅಕ್ಕನ ನಿಶ್ಚಿತಾರ್ಥದ ಉಂಗುರದ ಹರಳು ಬಿದ್ದಿತ್ತು. ಉಂಗುರ ಬೆರಳಲ್ಲೇ ಇತ್ತು. ಅದರ ನಾಲ್ಕು ಕೊಕ್ಕೆಗಳ ನಡುವೆ ಮಾತ್ರ ಏನೂ ಇರಲಿಲ್ಲ. ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿದಿತ್ತು. ಎಲ್ಲರೂ ಗಡಿಬಿಡಿಯಲ್ಲಿ ಕಾಫಿ ಎಳೆದು ರಾಶಿ ಮಾಡಿ, ಟಾರ್ಪಾಲು ಹೊದೆಸಿ, ಅಂಚಿಗೆ ಗೋಣಿಚೀಲ ಹೇರುತ್ತಿದ್ದೆವು. ಗೋಣಿಯ ನಾರು ಒಂದು ಕೊಕ್ಕೆಗೆ ಸಿಕ್ಕಿಕೊಂಡಿತು. ಅಕ್ಕ ಕೈ ಜಗ್ಗಿದಳು. ಅಷ್ಟೇ. ಮಳೆ ಬರಲೇ ಇಲ್ಲ, ಅದು ಬೇರೆ ಮಾತು.

"ಟಾರ್ಚ್ ಬಿಟ್ರೆ ಪಳ್ ಅಂತ ಹೊಳೆಯತ್ತೆ, ಹುಡುಕೋದು ಸುಲಭ" ಅಂದಿದ್ದರು ಭಾವ. ಟಾರ್ಚ್ ಬಿಟ್ಟಾಗ ಗೊತ್ತಾಯಿತು, ಕಣದಲ್ಲಿ ಹೊಳೆಯದ ವಸ್ತುವೇ ಇಲ್ಲ. ಮರಳಿನ ಅಭ್ರಕ ಹೊಳೆಯಿತು. ಗಾಜಿನ ಚೂರು ಹೊಳೆಯಿತು. ಟಾರ್ಪಾಲಿನ ಮೇಲಿನ ಇಬ್ಬನಿ ಹೊಳೆಯಿತು. ರಾತ್ರಿ ಹನ್ನೊಂದೂವರೆವರೆಗೆ ಹುಡುಕಿದೆವು. ಆಮೇಲೆ ಮೂರು ದಿನ ಇಡೀ ರಾಶಿಯನ್ನು ಜರಡಿ ಹಿಡಿದೆವು. ಕಲ್ಲು, ಕಡ್ಡಿ, ಒಂದು ಷರ್ಟಿನ ಗುಂಡಿ, ಯಾವುದೋ ಮಗುವಿನ ಗೋಲಿ ಸಿಕ್ಕಿದವು. ಹರಳು ಸಿಗಲಿಲ್ಲ. ಕಾಫಿ ಮಾರಿ ಹೋಯಿತು. ನಮ್ಮ ದೇಶದ ಕಾಫಿ ಜಾಸ್ತಿ ಕೊಳ್ಳುವುದು ಇಟಲಿಯವರಲ್ವಾ, ಅಲ್ಲಿ ಯಾವನೋ ಪುಣ್ಯಾತ್ಮ ಕಾಫಿ ಕುಡಿಯುತ್ತ ಹಲ್ಲು ಮುರಿದುಕೊಂಡಿರುತ್ತಾನೆ ಅಂತ ಭಾವ ಇವತ್ತಿಗೂ ತಮಾಷೆ ಮಾಡುತ್ತಾರೆ. ಅಕ್ಕ ನಗುವುದಿಲ್ಲ.

ಆ ಹರಳು 30 ಸೆಂಟಿನದು. ನಮ್ಮ ಕಡೆ ಸೆಂಟ್ ಅಂದರೆ ಜಾಗ. ನೂರು ಸೆಂಟಿಗೆ ಒಂದು ಎಕರೆ. ವಜ್ರದವರ ಲೆಕ್ಕದಲ್ಲಿ ನೂರು ಸೆಂಟಿಗೆ ಒಂದು ಕ್ಯಾರಟ್, ಒಂದು ಕ್ಯಾರಟ್ ಅಂದರೆ 0.2 ಗ್ರಾಂ. ಅಕ್ಕನ ನಿಶ್ಚಿತಾರ್ಥದ ದಿನ ಯಾರೋ "ಹುಡುಗಿಗೆ 30 ಸೆಂಟ್ ಹಾಕಿದ್ದಾರೆ" ಅಂದಾಗ ನಮ್ಮ ಅಜ್ಜಿ "ಯಾವ ಕಡೆ, ಗದ್ದೆಯೋ ಬಾಣೆಯೋ?" ಅಂತ ಕೇಳಿದ್ದರು. ಅದು 0.06 ಗ್ರಾಂ ತೂಗುವ, ಒಂದು ಕರಿಮೆಣಸಿನ ಕಾಳಿನಷ್ಟಿರುವ ಕಲ್ಲು ಅಂತ ಗೊತ್ತಾದ ಮೇಲೆ ಅವರಿಗೆ ಆ ಮದುವೆಯ ಬಗ್ಗೆಯೇ ಸ್ವಲ್ಪ ಅನುಮಾನ ಬಂದಿತ್ತು.

ಈಗ ನನ್ನ ಸರದಿ ಬಂತು. ಕಳೆದ ಮೇ ತಿಂಗಳಲ್ಲಿ ನನ್ನ ನಿಶ್ಚಿತಾರ್ಥ ಆಯಿತು. ಅದಕ್ಕೂ ಮೊದಲು ಎರಡು ತಿಂಗಳು ಉಂಗುರದ ವಿಷಯ ತಲೆ ತಿಂದ ಹಾಗೆ ಬೇರೆ ಯಾವುದೂ ತಿನ್ನಲಿಲ್ಲ. ಸೀರೆ ಅರ್ಧ ಗಂಟೆಯಲ್ಲಿ ಮುಗಿದಿತ್ತು.

ಅಂಗಡಿಯ ಕೈ, ಮನೆಯ ಕೈ

ಮಡಿಕೇರಿಯ ಒಂದು ದೊಡ್ಡ ಅಂಗಡಿಗೆ ಮೊದಲು ಹೋದೆವು. ನಾನು, ಅಮ್ಮ, ಮದುವೆಯಾಗುವ ಹುಡುಗ, ಅವರ ಅಮ್ಮ. ಮಾದಾಪುರದ ತಿರುವುಗಳಲ್ಲಿ ನನ್ನ ಅಮ್ಮನಿಗೆ ವಾಂತಿ ಆಗಿ, ಅಂಗಡಿ ಸೇರುವಷ್ಟರಲ್ಲಿ ಅವರಿಗೆ ಉಂಗುರದ ಆಸಕ್ತಿಯೇ ಹೋಗಿತ್ತು. ಭಾವೀ ಅತ್ತೆಗೆ ಮಾತ್ರ ಏನು ಬೇಕು ಅಂತ ಸ್ಪಷ್ಟ ಇತ್ತು. ಒಂಟಿ ಹರಳು, ಎತ್ತರದಲ್ಲಿ ಕೂತಿರಬೇಕು, ದೂರದಿಂದ ಕಾಣಬೇಕು. ಅಂಗಡಿಯ ಹುಡುಗಿ ಮಖಮಲ್ಲಿನ ತಟ್ಟೆಯಲ್ಲಿ ಹತ್ತು ಹನ್ನೆರಡು ಉಂಗುರ ತಂದಿಟ್ಟಳು. ಆರು ಪ್ರಾಂಗಿನದು, ಅಂದರೆ ಹರಳು ಹಿಡಿಯುವ ಆರು ಕೊಕ್ಕೆಯದು, ನಾಲ್ಕು ಪ್ರಾಂಗಿನದು, ಸುತ್ತ ಸಣ್ಣ ಹರಳಿನ ಸಾಲು ಇರುವ ಹ್ಯಾಲೋ, ಬಳೆಯ, ಅಂದರೆ ಬೆರಳು ಸುತ್ತುವ ಪಟ್ಟಿಯ, ಮೈತುಂಬ ಸಾಸಿವೆಯಂಥ ಕಲ್ಲು ಅಂಟಿಸಿದ ಪಾವೆ.

ಸುಳ್ಳು ಯಾಕೆ ಹೇಳಲಿ, ಆರು ಪ್ರಾಂಗಿನದನ್ನು ಹಾಕಿಕೊಂಡಾಗ ನನಗೂ ಆಸೆ ಆಯಿತು. ಮೇಲಿನ ಸಣ್ಣ ಸಣ್ಣ ದೀಪಗಳ ಕೆಳಗೆ ಬೆರಳು ಆಡಿಸಿದರೆ ಬಣ್ಣದ ಕಿಡಿ ಹಾರುತ್ತಿತ್ತು. ನನ್ನ ಕೈ ನನ್ನದಲ್ಲ ಅನ್ನಿಸಿತು. ಆಮೇಲೆ ಯಾಕೋ ಉಂಗುರ ಹಾಕಿಕೊಂಡೇ ಅಂಗಡಿಯ ಬಾಗಿಲಿಗೆ ಬಂದೆ. ಹೊರಗೆ ಮೋಡ. ಆ ಬೂದು ಬೆಳಕಿಗೆ ಕೈ ಚಾಚಿದಾಗ ಕಿಡಿಯೆಲ್ಲ ಎಲ್ಲಿಗೋ ಹೋಗಿ, ತಣ್ಣಗಿನ ಬಿಳಿ ಹೊಳಪು ಮಾತ್ರ ಉಳಿಯಿತು. ವಜ್ರ ಕಿಡಿ ಕಾರುವುದು ಚುಕ್ಕಿಯಂಥ ದೀಪದ ಕೆಳಗೆ, ಇಲ್ಲವೇ ನೇರ ಬಿಸಿಲಲ್ಲಿ. ನಾನಿರುವುದು ಶಾಂತಳ್ಳಿ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಸೂರ್ಯನ ಪರಿಚಯ ಅಷ್ಟಕ್ಕಷ್ಟೆ. ಕರೆಂಟ್ ಇದ್ದರೆ ಟ್ಯೂಬ್‌ಲೈಟು, ಇಲ್ಲದಿದ್ದರೆ ಚಾರ್ಜರ್ ಲೈಟು.

ಆ ಬಾಗಿಲಲ್ಲಿ ನಿಂತಾಗಲೇ ಅಕ್ಕನ ಖಾಲಿ ಕೊಕ್ಕೆಗಳು ನೆನಪಾದದ್ದು. ಉಂಗುರ ಆರಿಸುವಾಗ ನಾವೆಲ್ಲ ನೋಡುವುದು ಕೈಯ ಹಿಂಬದಿ. ಬೆರಳು ಚಾಚಿ, ಸ್ವಲ್ಪ ಬಗ್ಗಿಸಿ, ಫೋಟೊಗೆ ಕೊಡುವ ಹಾಗೆ. ಆದರೆ ಆ ಕೈ ಬೆಳಗಿನಿಂದ ರಾತ್ರಿವರೆಗೆ ಹಾಗೆ ಚಾಚಿಕೊಂಡು ಇರುವುದಿಲ್ಲವಲ್ಲ. ನನ್ನ ಕೈಯನ್ನೇ ನೋಡಿ. ಮೈಸೂರಿನ ಕೆಲಸ ಬಿಟ್ಟು ಬಂದು ನಾಲ್ಕು ವರ್ಷದಿಂದ ಅಪ್ಪನ ಜೊತೆ ತೋಟ ನೋಡುತ್ತೇನೆ. ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತೇನೆ. ನರ್ಸರಿಯ ಕೊಟ್ಟೆಗೆ ಮಣ್ಣು ತುಂಬುತ್ತೇನೆ. ಕಾಫಿ ಗಿಡದ ಚಿಗುರು ತೆಗೆಯುತ್ತೇನೆ. ಮಳೆಗೆ ಮೊದಲು ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆಸುವಾಗ ಸುಣ್ಣ ಮೈಲುತುತ್ತ ಕಲಸುತ್ತೇನೆ. ಗಂಬೂಟಿನಿಂದ ಜಿಗಣೆ ಕೀಳುತ್ತೇನೆ. ಸಂಜೆ ಲೆಕ್ಕ ಬರೆಯುತ್ತೇನೆ. ಇದರಲ್ಲಿ ಯಾವ ಕೆಲಸಕ್ಕೆ ಎತ್ತರದ ಹರಳು ಒಗ್ಗುತ್ತದೆ? ಲೆಕ್ಕ ಬರೆಯುವುದಕ್ಕೆ ಒಗ್ಗಬಹುದು.

ಎತ್ತರ ಎಲ್ಲಿಂದ ಬಂತು

1886ರಲ್ಲಿ ನ್ಯೂಯಾರ್ಕಿನ ಟಿಫನಿ ಕಂಪನಿ ಆರು ಪ್ರಾಂಗಿನ ಉಂಗುರ ತಂದಿತು. ಹರಳನ್ನು ಬಳೆಯಿಂದ ಮೇಲಕ್ಕೆ ಎತ್ತಿ, ಎಲ್ಲ ಕಡೆ ತೆರೆದು ಕೂರಿಸುವ ಆ ಬಗೆ ಜಗತ್ತಿಗೆಲ್ಲ ಹಬ್ಬಿತು. ನಿಶ್ಚಿತಾರ್ಥದ ಉಂಗುರ ಅಂದರೆ ಈಗ ನಮ್ಮ ಕಣ್ಣಿಗೆ ಬರುವ ಚಿತ್ರ ಅದೇ. ಅದರಲ್ಲಿ ತಪ್ಪೇನೂ ಇಲ್ಲ, ಚಂದವೇ ಇದೆ. ಆದರೆ ಆ ಚಿತ್ರದಲ್ಲಿರುವ ಕೈ ಏನು ಕೆಲಸ ಮಾಡುತ್ತಿತ್ತು ಅಂತ ನನಗೆ ಅನುಮಾನ. ರೊಟ್ಟಿ ತಟ್ಟುತ್ತಿರಲಿಲ್ಲ ಅನ್ನುವುದು ಖಂಡಿತ.

ನಮ್ಮ ಮನೆಗಳಲ್ಲಿ ಉಂಗುರ ಬದಲಾಯಿಸುವುದು ತೀರ ಈಚಿನದು. ಅಜ್ಜಿಯ ಕಾಲದಲ್ಲಿ ವೀಳ್ಯಶಾಸ್ತ್ರ, ಹೂ ಮುಡಿಸುವುದು, ಅಷ್ಟೇ. ಹರಳಿನ ಒಡವೆ ಮಾತ್ರ ಆಗಲೂ ಇತ್ತು. ನಮ್ಮೂರಿನ ಕೊಡವ ಗೆಳತಿಯ ಮದುವೆಯಲ್ಲಿ ಅವಳ ಪತ್ತಾಕನ್ನು, ಅಂದರೆ ಅವರ ತಾಳಿಯನ್ನು, ಹತ್ತಿರದಿಂದ ನೋಡಿದ್ದೆ. ಅವರಲ್ಲಿ ಅದನ್ನು ಕಟ್ಟುವುದು ಗಂಡನಲ್ಲ, ಹೆಣ್ಣಿನ ತಾಯಿ. ನಾಗರ ಹೆಡೆಯ ಕೆಂಪು, ಕೊಕ್ಕೆತಾತಿ ಅನ್ನುವ ಕೊರಳ ಒಡವೆಯ ಅರ್ಧಚಂದ್ರದಲ್ಲಿ ಸಾಲಾಗಿ ಕೂತ ಕೆಂಪು, ಎಲ್ಲ ಚಿನ್ನದ ಗೋಡೆಯೊಳಗೆ ಹುದುಗಿ ಕೂತಿದ್ದವು. ಒಂದು ಕೊಕ್ಕೆಯೂ ಮೇಲೆ ಎದ್ದಿರಲಿಲ್ಲ. ಮುಹೂರ್ತದ ದಿನವೇ ಆ ಹುಡುಗಿ ಬಾವಿಯಿಂದ ನೀರು ಸೇದಿ, ಕೊಡ ತಲೆ ಮೇಲೆ ಹೊತ್ತು ಮನೆಗೆ ತರಬೇಕು, ಗಂಗಾಪೂಜೆ. ಎದುರಿಗೆ ನೆಂಟರು ವಾಲಗಕ್ಕೆ ಕುಣಿಯುತ್ತ ದಾರಿ ಬಿಡದೆ ಗಂಟೆಗಟ್ಟಲೆ ಸತಾಯಿಸುತ್ತಾರೆ. ಪತ್ತಾಕ್ ಕೊರಳಲ್ಲೇ ಇತ್ತು. ನಿಶ್ಚಿತಾರ್ಥದ ಹ್ಯಾಲೋ ಉಂಗುರ ಮಾತ್ರ ಆ ಹೊತ್ತಿಗೆ ಅವಳ ಚಿಕ್ಕಮ್ಮನ ಪರ್ಸ್ ಸೇರಿತ್ತು. ಸೀರೆಗೆ ಸಿಕ್ಕಿ ಎರಡು ಸಲ ದಾರ ಎಳೆದಿತ್ತಂತೆ.

ಆಚಾರ್ರು ಅಂಗೈ ನೋಡಿದ್ದು

ಕೊನೆಗೆ ನಾನೂ ಅಪ್ಪನೂ ಸೋಮವಾರಪೇಟೆಯ ನಮ್ಮ ಹಳೇ ಅಕ್ಕಸಾಲಿ ಆಚಾರ್ರ ಹತ್ತಿರ ಹೋದೆವು. ಸಣ್ಣ ಅಂಗಡಿ, ಒಂದು ಮಣೆ, ಒಂದು ದೀಪ, ಇದ್ದಿಲ ವಾಸನೆ. ಉಂಗುರ ಮಾಡಿಸಬೇಕು ಅಂದೆ. "ಕೈ ಕೊಡಮ್ಮ" ಅಂದರು. ನಾನು ಅಭ್ಯಾಸಬಲದಲ್ಲಿ ಬೆರಳು ಚಾಚಿದೆ. ಅವರು ಕೈ ಹಿಡಿದು ತಿರುಗಿಸಿ ಅಂಗೈ ನೋಡಿದರು. ಉಂಗುರದ ಬೆರಳಿನ ಬುಡದಲ್ಲಿ ಕತ್ತಿ ಹಿಡಿದು ಹಿಡಿದು ಬಂದ ಜಡ್ಡಿನ ಮೇಲೆ ಹೆಬ್ಬೆರಳು ಒತ್ತಿ, "ಉಂಗುರ ಸವೆಯೋದು ಇಲ್ಲಿ. ಎಲ್ಲರೂ ತಲೆ ನೋಡ್ತಾರೆ, ಹೊಟ್ಟೆ ಯಾರೂ ನೋಡಲ್ಲ" ಅಂದರು. ಬಳೆಯ ಅಡಿಭಾಗ ಎರಡು ಮಿಲಿಮೀಟರಿಗಿಂತ ತೆಳ್ಳಗೆ ತಾನು ಮಾಡುವುದೇ ಇಲ್ಲ ಅಂತ ಅಲ್ಲೇ ತೀರ್ಪು ಕೊಟ್ಟರು.

ಆಮೇಲೆ ಒಂದು ಗಂಟೆ ಅವರು ಹೇಳಿದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. ಪ್ರಾಂಗಿಗೆ ಅವರು "ಕಾಲು" ಅನ್ನುತ್ತಾರೆ. ನಾಲ್ಕು ಕಾಲಿನದರಲ್ಲಿ ಹರಳು ಜಾಸ್ತಿ ಕಾಣುತ್ತದೆ. ಆದರೆ ಒಂದು ಕಾಲು ಹೋದರೆ ಹರಳೂ ಹೋದಂತೆಯೇ. ಆರು ಕಾಲಿದ್ದರೆ ಒಂದು ಸೊಟ್ಟ ಆದರೂ ಉಳಿದ ಐದು ಹಿಡಿದಿರುತ್ತವೆ. 22 ಕ್ಯಾರಟ್ ಚಿನ್ನದಲ್ಲಿ ನೂರಕ್ಕೆ 91.6 ಭಾಗ ಬಂಗಾರ, ತುಂಬ ಮೆತ್ತಗೆ, ಅದರ ಕಾಲು ಬೇಗ ಬಾಗುತ್ತದೆ. ಹರಳು ಕಟ್ಟಿಸುವುದಾದರೆ 18 ಕ್ಯಾರಟ್ ಮೇಲು, ಅದರಲ್ಲಿ 75 ಭಾಗ ಬಂಗಾರ, ಉಳಿದದ್ದು ತಾಮ್ರ ಬೆಳ್ಳಿ ಸೇರಿ ಗಟ್ಟಿ ಬರುತ್ತದೆ. ಹಾಲ್‌ಮಾರ್ಕ್ ಜೊತೆ 750 ಅಂತ ಇರಬೇಕು, ಎಚ್‌ಯುಐಡಿ ಅನ್ನುವ ಆರು ಅಕ್ಷರದ ಗುರುತು ಇರಬೇಕು, ಬಿಲ್ಲಿನಲ್ಲಿ ಚಿನ್ನದ ತೂಕ ಬೇರೆ ಹರಳಿನ ತೂಕ ಬೇರೆ ಬರೆಸಿಕೊಳ್ಳಬೇಕು. ಅಪ್ಪ 18 ಕ್ಯಾರಟ್ ಅಂದ ಕೂಡಲೇ ಮುಖ ಹುಳ್ಳಗೆ ಮಾಡಿದರು. ಚಿನ್ನ ಅಂದರೆ ಆಪತ್ಕಾಲಕ್ಕೆ ಅಡ ಇಡುವ ವಸ್ತು ಅನ್ನುವ ಲೆಕ್ಕ ಅವರದು. "ಅಡ ಇಡೋಕೆ ಕೈಬಳೆ ಮಾಡ್ಸಿ ಸಾರ್, ಇದು ಹಾಕ್ಕೊಳಕ್ಕೆ" ಅಂದರು ಆಚಾರ್ರು.

ಬಿಳಿ ಚಿನ್ನ ಕೇಳಿದೆ. ಅದರ ಬಿಳುಪು ಮೇಲಿನ ರೋಡಿಯಂ ಲೇಪದ್ದು, ಸವೆದಾಗ ಹಳದಿ ಛಾಯೆ ಇಣುಕುತ್ತದೆ, ಮತ್ತೆ ಮತ್ತೆ ಲೇಪ ಹಾಕಿಸಬೇಕು. ನನ್ನ ಕೈಗೆ ಬೇಡ ಅಂದರು. ಪಾವೆಯ ಸಣ್ಣ ಕಲ್ಲು? "ಬೀಳೋದು ಗ್ಯಾರಂಟಿ, ಯಾವಾಗ ಅನ್ನೋದಷ್ಟೇ ಪ್ರಶ್ನೆ." ಬಳೆಯ ಸುತ್ತಲೂ ಹರಳು ಇರುವ ಎಟರ್ನಿಟಿ? ಬೆರಳು ದಪ್ಪ ಆದರೆ ಅಳತೆ ಹಿಗ್ಗಿಸಲು ಜಾಗವೇ ಇರುವುದಿಲ್ಲ. ಚಾನೆಲ್, ಅಂದರೆ ಎರಡು ಗೋಡೆ ನಡುವಿನ ಕಾಲುವೆಯಲ್ಲಿ ಹರಳು ಸಾಲಾಗಿ ಕೂರಿಸಿದ್ದು, ಅದು ಪರವಾಗಿಲ್ಲ, ಯಾವುದಕ್ಕೂ ಸಿಕ್ಕಿಕೊಳ್ಳುವುದಿಲ್ಲ. ಆದರೆ ರಿಪೇರಿ ಬಂದರೆ ತಲೆನೋವು. ಹರಳನ್ನು ಬಳೆಯ ಮೈಯೊಳಗೇ ಹೂತು ಕೂರಿಸುವ ಫ್ಲಶ್ ಎಲ್ಲಕ್ಕಿಂತ ಗಟ್ಟಿ, ಆದರೆ ಹರಳಿನ ಮುಖ ಮಾತ್ರ ಕಾಣುತ್ತದೆ. ಉಳಿದದ್ದು ಬೆಜೆಲ್. ಹರಳಿನ ಸುತ್ತ ತೆಳು ಗೋಡೆ ಎಬ್ಬಿಸಿ, ಅಂಚನ್ನು ಹರಳಿನ ಮೇಲೆ ಒತ್ತಿ ಮಡಚುವುದು. ಕೊಕ್ಕೆತಾತಿಯ ಕೆಂಪು ಕೂತ ಹಾಗೆಯೇ, ಹೆಚ್ಚುಕಡಿಮೆ.

ಹರಳಿನ ಬಗ್ಗೆಯೂ ಒಂದು ಮಾತು ಹೇಳಿದರು. ನನಗೆ ಪಚ್ಚೆಯ ಮೇಲೆ ಚಿಕ್ಕಂದಿನಿಂದ ಕಣ್ಣು. ಮಳೆ ನಿಂತ ಮಾರನೇ ದಿನದ ಏಲಕ್ಕಿ ಎಲೆಯ ಬಣ್ಣ ಅದು. ಆದರೆ ಗಡಸುತನದ ಅಳತೆಯಲ್ಲಿ ಪಚ್ಚೆ ಏಳೂವರೆಯಿಂದ ಎಂಟು, ಮಾಣಿಕ್ಯ ನೀಲ ಒಂಬತ್ತು, ವಜ್ರ ಹತ್ತು. ಮರಳು ಧೂಳಿನಲ್ಲಿರುವ ಸ್ಫಟಿಕವೇ ಏಳು. ಅದಕ್ಕಿಂತ ಮೆತ್ತಗಿನ ಕಲ್ಲು ದಿನಾ ಮಣ್ಣು ಮುಟ್ಟುವ ಕೈಯಲ್ಲಿ ಮಂಕಾಗುತ್ತ ಹೋಗುತ್ತದೆ. ಮುತ್ತಿನ ಮಾತಂತೂ ಬೇಡವೇ ಬೇಡ. ಪಚ್ಚೆ ಕೂದಲೆಳೆ ಮೇಲೆ ಪಾರಾದರೂ ಅದರೊಳಗೆ ಬಿರುಕು ಜಾಸ್ತಿ, ಏಟು ತಡೆಯುವುದಿಲ್ಲ. ವಜ್ರವೂ ಅಮರ ಅಲ್ಲ. ಗೀರು ಬೀಳುವುದಿಲ್ಲ, ಆದರೆ ಮೂಲೆಗೆ ಸರಿಯಾಗಿ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಚೌಕದ ಪ್ರಿನ್ಸೆಸ್ ಕಟ್ ಬೇಕು ಅನ್ನುವವರು ಅದರ ನಾಲ್ಕು ಮೂಲೆ ಮುಚ್ಚಿಸದೆ ತೋಟದ ಕಡೆ ಬರಬಾರದು.

ಅಜ್ಜಿಯ ಉಂಗುರ

ಹಾಗಾದರೆ ಮುಚ್ಚಿದ್ದೇ ಮೇಲು ಅಂತ ನಾನು ಹಾರಾಡುವಾಗ ಆಚಾರ್ರು ತಡೆದರು. "ನಿಮ್ಮ ಅಜ್ಜಿ ಉಂಗುರ ನೆನಪಿದ್ಯಾ?" ಇಲ್ಲದೆ ಏನು. ಕೆಂಪು ಹರಳಿನ ಆ ಉಂಗುರವನ್ನು ಅಜ್ಜಿ ಮದುವೆಯಾದಾಗಿನಿಂದ ಬಿಚ್ಚಿದ್ದೇ ಇಲ್ಲ. ಕೊಟ್ಟಿಗೆ, ಗದ್ದೆ ನಾಟಿ, ಬಾಣಂತನ, ಎಲ್ಲದಕ್ಕೂ ಅದೇ ಕೈ. ಕೊನೆಕೊನೆಗೆ ಗಂಟು ಊದಿ ಬಿಚ್ಚಲು ಬರುತ್ತಲೂ ಇರಲಿಲ್ಲ. ಬೆರಳಿಗೆ ದಾರ ಬಿಗಿಯಾಗಿ ಸುತ್ತಿ, ಸೋಪು ಹಚ್ಚಿ, ಅರ್ಧ ಗಂಟೆ ಒದ್ದಾಡಿ ತೆಗೆದದ್ದು ನಾನೇ. ಹರಳು ಅಲ್ಲಾಡಿರಲಿಲ್ಲ. ಆದರೆ ಪೊರೆ ಬಂದ ಕಣ್ಣಿನಂತೆ ಆಗಿತ್ತು. ಹಿಂದಿನ ಕಾಲದಲ್ಲಿ ಹರಳಿನ ಹಿಂದೆ ಹೊಳೆಯುವ ತಗಡು ಇಟ್ಟು ಪೂರ್ತಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ನೀರು ಇಳಿದು ತಗಡು ಕಪ್ಪಾಗಿತ್ತು. ನಾವು ಅಜ್ಜಿಯ ಹರಳು ಸತ್ತಿದೆ ಅಂದುಕೊಂಡಿದ್ದೆವು. ಸತ್ತದ್ದು ಹಿಂದಿನ ತಗಡು.

ಅದಕ್ಕೇ ಆಚಾರ್ರು ನನ್ನ ಬೆಜೆಲ್‌ಗೆ ಹಿಂದೆ ಕಿಟಕಿ ಬಿಟ್ಟರು. ಬೆಳಕಿಗಲ್ಲ, ಬ್ರಶ್ಶಿಗೆ. ಸರಿಯಾಗಿ ಕಡಿದ ವಜ್ರ ಮೇಲಿನಿಂದ ಬಂದ ಬೆಳಕನ್ನು ಒಳಗೇ ತಿರುಗಿಸಿ ಮೇಲಕ್ಕೇ ಕಳಿಸುತ್ತದೆ, ಪಕ್ಕದ ಗೋಡೆಯಿಂದ ಅದಕ್ಕೆ ಅಂಥ ನಷ್ಟ ಇಲ್ಲ. ನಷ್ಟ ಆಗುವುದು ಜಿಡ್ಡಿನಿಂದ. ವಜ್ರಕ್ಕೆ ಜಿಡ್ಡು ಅಂದರೆ ಪ್ರಾಣ. ಗಣಿಗಳಲ್ಲಿ ಕಲ್ಲುಮಣ್ಣಿನಿಂದ ವಜ್ರ ಬೇರ್ಪಡಿಸಲು ಗ್ರೀಸ್ ಬಳಿದ ಮೇಜಿನ ಮೇಲೆ ನೀರಿನೊಂದಿಗೆ ಹರಿಸುತ್ತಿದ್ದದ್ದು ಅದೇ ಕಾರಣಕ್ಕೆ. ಕಲ್ಲು ಹರಿದು ಹೋಗುತ್ತದೆ, ವಜ್ರ ಅಂಟಿಕೊಳ್ಳುತ್ತದೆ. ಹಾಗಿರುವಾಗ ರೊಟ್ಟಿ ಹಿಟ್ಟು, ಎಣ್ಣೆ, ಕೈಗೆ ಹಚ್ಚುವ ಕ್ರೀಮು ಬಿಡುತ್ತದೆಯೇ? ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಹಳೇ ಮೆತ್ತಗಿನ ಟೂತ್‌ಬ್ರಶ್. ಹದಿನೈದು ದಿನಕ್ಕೊಮ್ಮೆ ಸಾಕು. ಬ್ಲೀಚಿಂಗ್ ನೀರು ಮಾತ್ರ ದೂರ, 18 ಕ್ಯಾರಟ್‌ನಲ್ಲಿ ಬೆರೆತ ಲೋಹವನ್ನು ಅದು ತಿನ್ನುತ್ತದೆ.

"ಕೆಲಸಕ್ಕೆ ಮುಂಚೆ ತೆಗೆದಿಟ್ಟರಾಯ್ತಲ್ಲ" ಅಂತ ಭಾವೀ ಅತ್ತೆ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಆದರೆ ನನ್ನ ಪ್ರಕಾರ ಬೆರಳಲ್ಲಿದ್ದ ಉಂಗುರಕ್ಕಿಂತ ತೆಗೆದಿಟ್ಟ ಉಂಗುರ ಜಾಸ್ತಿ ಕಳೆಯುತ್ತದೆ. ಒಗೆಯುವ ಕಲ್ಲಿನ ಮೇಲೆ, ಸಿಂಕಿನ ಪಕ್ಕ, ರೇನ್‌ಕೋಟಿನ ಜೇಬಿನಲ್ಲಿ. ಇನ್ನೊಂದು ಕಾರಣವೂ ಇದೆ, ಅದನ್ನು ಅವರಿಗೆ ಹೇಳಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು ಕಡೆಯ ನಮ್ಮ ನೆಂಟರೊಬ್ಬರು ಉಟ್ಟ ಬಟ್ಟೆಯಲ್ಲಿ ಓಡಿ ಬಂದು ನಮ್ಮಲ್ಲಿ ಇದ್ದರು. ಬೀರು ಹೋಯಿತು, ಬೀರುವಿನ ಒಡವೆ ಹೋಯಿತು. ಅವರ ಮೈಮೇಲೆ ಇದ್ದದ್ದು ತಾಳಿ ಮತ್ತು ಒಂದು ಸವೆದ ಉಂಗುರ. ಅದನ್ನು ಅವರು ಬೆರಳಲ್ಲೇ ತಿರುಗಿಸುತ್ತ ಕೂರುತ್ತಿದ್ದರು.

ಗಂಡಸರ ಉಂಗುರಕ್ಕೆ ಮಾತ್ರ ನನ್ನದು ಉಲ್ಟಾ ವಾದ. ಟ್ರಾಕ್ಟರಿನ ಟ್ರೇಲರಿನಿಂದ ಹಾರುವಾಗ, ಮೆಣಸು ಕುಯ್ಯುವ ಏಣಿಯಿಂದ ಜಾರುವಾಗ ಉಂಗುರ ಎಲ್ಲಾದರೂ ಸಿಕ್ಕಿಕೊಂಡರೆ ಮೈಯ ಭಾರವೆಲ್ಲ ಆ ಒಂದು ಬೆರಳಿನ ಮೇಲೆ. ಚರ್ಮವೇ ಕಳಚಿ ಬರಬಹುದು, ಬೆರಳೇ ಹೋಗಬಹುದು. ಬ್ಯಾಟರಿಯ ಟರ್ಮಿನಲ್ಲಿಗೆ ತಾಗಿದರೆ ಸುಟ್ಟು ಬೊಬ್ಬೆ. ಮದುವೆಯಾಗುವ ಹುಡುಗನಿಗೆ ಹಾಸನದಲ್ಲಿ ಕಂಪ್ಯೂಟರ್ ಮುಂದಿನ ಕೆಲಸ, ಅಲ್ಲಿ ಏನಾದರೂ ಹಾಕಿಕೊಳ್ಳಲಿ. ತೋಟಕ್ಕೆ ಬಂದ ದಿನ ಬಾಗಿಲ ಹಿಂದಿನ ಮೊಳೆಗೆ ಉಂಗುರ ನೇತು ಹಾಕಿ ಬರಬೇಕು ಅಂತ ಈಗಲೇ ಹೇಳಿಟ್ಟಿದ್ದೇನೆ. ತೆಗೆದಿಟ್ಟದ್ದು ಕಳೆಯುತ್ತೆ ಅಂದವಳು ನೀನೇ ಅಲ್ವಾ ಅಂದರು. ಉಂಗುರ ಕಳೆದರೆ ಇನ್ನೊಂದು ಮಾಡಿಸಬಹುದು ಅಂದೆ.

ಅಳತೆಗೆ ಎರಡು ಸಲ ಹೋಗಬೇಕಾಯಿತು. ಮೊದಲು ಹೋದದ್ದು ಮಾರ್ಚಿನ ಮಧ್ಯಾಹ್ನ, ಬಿಸಿಲಿಗೆ ಬೆರಳು ಊದಿತ್ತು. ಇನ್ನೊಂದು ದಿನ ಬೆಳಿಗ್ಗೆ ತಣ್ಣಗಿದ್ದಾಗ ಬಾ ಅಂದರು ಆಚಾರ್ರು. ಎರಡರ ನಡುವಿನ ಅಳತೆ ಇಟ್ಟರು. ಆದರೂ ಜುಲೈನಲ್ಲಿ ಉಂಗುರ ಬೆರಳಲ್ಲಿ ಗಿರಗಿರ ತಿರುಗುತ್ತಿತ್ತು. ನಮ್ಮ ಜುಲೈಗೆ ಸರಿಯಾದ ಅಳತೆ ಯಾವ ಆಚಾರ್ರ ಹತ್ತಿರವೂ ಇಲ್ಲ.

25 ಸೆಂಟ್, ಹಳದಿ ಚಿನ್ನ, ಬೆರಳಿಗೆ ಅಂಟಿದ ಹಾಗೆ ತಗ್ಗಿಗೆ ಕೂತ ಹರಳು. ನಿಶ್ಚಿತಾರ್ಥದ ದಿನ ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಪಕ್ಕದಿಂದ ಏನೂ ಕಾಣಲ್ವಲ್ಲಾ" ಅಂದರು. ಹೌದು, ಕಾಣಲ್ಲ. ಫೋಟೊದಲ್ಲಂತೂ ಒಂದು ಹಳದಿ ಚುಕ್ಕೆ ಅಷ್ಟೇ. ಆ ಫೋಟೊ ನೋಡುವಾಗ ಒಂದು ಕ್ಷಣ ಮಡಿಕೇರಿಯ ಆ ಆರು ಕಾಲಿನದು ನೆನಪಾಗುತ್ತದೆ, ಇಲ್ಲ ಅನ್ನುವುದಿಲ್ಲ.

ಈ ಫೆಬ್ರವರಿಯಲ್ಲಿ ಅಕ್ಕನ ಮನೆಗೆ ಕಾಫಿ ಕೆಲಸಕ್ಕೆ ಹೋಗಿದ್ದೆ. ಗೋಣಿಚೀಲ ಹೊತ್ತೆ, ಕಾಫಿ ಎಳೆದೆ, ನಾರು ಎಲ್ಲೂ ಸಿಕ್ಕಲಿಲ್ಲ. ಅಕ್ಕ ನನ್ನ ಬೆರಳು ಹಿಡಿದು ಉಂಗುರದ ಅಂಚಿನ ಮೇಲೆ ಉಗುರು ಆಡಿಸಿ ನೋಡಿದಳು. ಅವಳ ಖಾಲಿ ಉಂಗುರ ಇನ್ನೂ ಬೀರುವಿನಲ್ಲಿದೆ. ಬೇರೆ ಹರಳು ಕಟ್ಟಿಸೋಣ ಅಂತ ಭಾವ ಎಷ್ಟು ಹೇಳಿದರೂ ಒಪ್ಪುತ್ತಿಲ್ಲ. ಈಗ ನಾನೂ ಕೇಳಿದೆ, ಆಚಾರ್ರಿಗೆ ಕೊಡು, ಕಾಲು ಕಡಿಸಿ ಗೋಡೆ ಕಟ್ಟಿಸೋಣ ಅಂತ. "ಅದು ಸಿಕ್ರೆ?" ಅಂದಳು. ಆಮೇಲೆ ಹಲಗೆ ತಗೊಂಡು ಕಾಫಿ ತಿರುವಲು ಹೋದಳು. ಕಣದ ನಡುವೆ ಒಮ್ಮೆ ನಿಂತು, ಬಗ್ಗಿ, ಏನೋ ಎತ್ತಿಕೊಂಡು ನೈಟಿಗೆ ಒರೆಸಿ ಬಿಸಿಲಿಗೆ ಹಿಡಿದಳು.

"ಗಾಜು" ಅಂತ ಬೇಲಿಯಾಚೆ ಎಸೆದಳು.